ಕೊನೆಯ ಮೂರು ಔಟ್‌ಗಳ ಕೆಲಸ: ಅರೋಲ್ಡಿಸ್ ಚಾಪ್‌ಮನ್ ಅವರ ವೇಗ ಮತ್ತು ವೃತ್ತಿ

2010ರ ಸೆಪ್ಟೆಂಬರ್ 24ರಂದು ಅಮೆರಿಕದ ಸ್ಯಾನ್ ಡಿಯಾಗೊ ನಗರದ ಪೆಟ್‌ಕೊ ಪಾರ್ಕ್ ಮೈದಾನದಲ್ಲಿ, ಸಿನ್ಸಿನಾಟಿ ರೆಡ್ಸ್ ತಂಡದ ಎಡಗೈ ಪಿಚರ್ ಅರೋಲ್ಡಿಸ್ ಚಾಪ್‌ಮನ್ ಅವರು ಟೋನಿ ಗ್ವಿನ್ ಜೂನಿಯರ್ ಅವರಿಗೆ ಎಸೆದ ಒಂದು ಚೆಂಡಿನ ವೇಗ ಗಂಟೆಗೆ 105.1 ಮೈಲಿ ಎಂದು ದಾಖಲಾಯಿತು. ಅವರು ಅಮೆರಿಕದ ಅತ್ಯುನ್ನತ ವೃತ್ತಿಪರ ಹಂತವಾದ ಮೇಜರ್ ಲೀಗ್ ಬೇಸ್‌ಬಾಲ್‌ಗೆ ಕಾಲಿಟ್ಟು ಆಗ ಒಂದು ತಿಂಗಳೂ ತುಂಬಿರಲಿಲ್ಲ. ಆ ಸಂಜೆ ಅವರು ಎಸೆದ ಇಪ್ಪತ್ತೈದು ಚೆಂಡುಗಳೂ ಗಂಟೆಗೆ 100 ಮೈಲಿಯನ್ನು ಮುಟ್ಟಿದ್ದವು ಅಥವಾ ದಾಟಿದ್ದವು. ಅಳೆಯುವ ಉಪಕರಣಗಳಿರುವ ಕಾಲದಲ್ಲಿ ಮೇಜರ್ ಲೀಗ್ ಪಂದ್ಯವೊಂದರಲ್ಲಿ ಎಸೆಯಲಾದ ಅತಿ ವೇಗದ ಚೆಂಡು ಇಂದಿಗೂ ಅದೇ. ಚಾಪ್‌ಮನ್ ಹೆಸರು ಬಂದಲ್ಲೆಲ್ಲ ಈ ಸಂಖ್ಯೆಯೂ ಬರುತ್ತದೆ. ಆದರೆ ಹದಿನೈದು ವರ್ಷಗಳಿಗೂ ಮೀರಿದ ಅವರ ವೃತ್ತಿಯ ಏಳುಬೀಳುಗಳನ್ನು ಅರ್ಥ ಮಾಡಿಕೊಳ್ಳಲು ಅಷ್ಟೇನೂ ನೆರವಾಗದ ಸಂಖ್ಯೆಯೂ ಅದೇ ಎಂಬುದು ನನ್ನ ಅಭಿಪ್ರಾಯ. ಅವರು ಯಾವಾಗ ಗೆದ್ದರು, ಯಾವಾಗ ಸೋತರು ಎಂಬುದನ್ನು ತಿಳಿಯಬೇಕಾದರೆ ನೋಡಬೇಕಾದದ್ದು ಅವರ ಚೆಂಡು ಎಲ್ಲಿ ಬೀಳುತ್ತಿತ್ತು ಎಂಬುದನ್ನು ಮತ್ತು ಅವರ ತೋಳಿಗೆ ಎಷ್ಟು ಬಿಡುವು ಸಿಗುತ್ತಿತ್ತು ಎಂಬುದನ್ನು.

ಬೇಸ್‌ಬಾಲ್ ಪರಿಚಯವಿಲ್ಲದವರಿಗೆ ಆಟದ ಚೌಕಟ್ಟನ್ನು ಮೊದಲು ಹೇಳಬೇಕು. ಪಂದ್ಯದಲ್ಲಿ ಒಂಬತ್ತು ಇನ್ನಿಂಗ್ಸ್‌ಗಳಿದ್ದು, ಪ್ರತಿ ಇನ್ನಿಂಗ್ಸ್‌ನಲ್ಲಿ ಎರಡೂ ತಂಡಗಳು ಮೂರು ಔಟ್ ಆಗುವವರೆಗೆ ಬ್ಯಾಟ್ ಮಾಡುತ್ತವೆ. ಎಂದರೆ ಎದುರಾಳಿಯ ಇಪ್ಪತ್ತೇಳು ಔಟ್‌ಗಳನ್ನು ಗಳಿಸುವುದು ಒಂದು ತಂಡದ ಪಿಚರ್‌ಗಳ ಒಟ್ಟು ಕೆಲಸ. ಬ್ಯಾಟರ್ ಮುಂದಿರುವ ಹದಿನೇಳು ಇಂಚು ಅಗಲದ ಪ್ಲೇಟ್‌ನ ಮೇಲೆ, ಸರಿಸುಮಾರು ಅವನ ಮೊಣಕಾಲಿನಿಂದ ಎದೆಯ ಕೆಳಭಾಗದವರೆಗಿನ ಎತ್ತರದಲ್ಲಿ ಹಾದುಹೋಗುವ ಚೆಂಡು ಸ್ಟ್ರೈಕ್. ಅದರ ಹೊರಗೆ ಹೋಗಿ, ಬ್ಯಾಟರ್ ಕೂಡ ಬೀಸದೆ ಬಿಟ್ಟದ್ದು ಬಾಲ್. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ಇದು ಸ್ಟ್ರೈಕ್‌ಔಟ್. ಹೊಡೆದ ಬ್ಯಾಟರ್ ಮೈದಾನದ ಬೇಸ್‌ಗಳನ್ನು ಒಂದೊಂದಾಗಿ ಸುತ್ತಿ ಪ್ಲೇಟ್‌ಗೆ ಮರಳಿದರೆ ಒಂದು ಓಟ. ನಾಲ್ಕು ಬಾಲ್ ಆದರೆ ಅವನು ಬ್ಯಾಟ್ ಬೀಸದೆಯೇ ಮೊದಲ ಬೇಸ್‌ಗೆ ನಡೆದುಹೋಗುತ್ತಾನೆ. ಇದನ್ನು ವಾಕ್ ಎನ್ನುತ್ತಾರೆ. ಚಾಪ್‌ಮನ್ ಅವರ ಕಥೆಯಲ್ಲಿ ಈ ವಾಕ್ ಎಂಬುದು ಮತ್ತೆ ಮತ್ತೆ ಎದುರಾಗುತ್ತದೆ.

ಪಂದ್ಯವನ್ನು ಆರಂಭಿಸುವ ಪಿಚರ್ ಸಾಮಾನ್ಯವಾಗಿ ಐದಾರು ಇನ್ನಿಂಗ್ಸ್‌ಗಳಲ್ಲಿ ತೊಂಬತ್ತು, ನೂರು ಚೆಂಡು ಎಸೆದು ದಣಿಯುತ್ತಾನೆ ಮತ್ತು ಮುಂದಿನ ನಾಲ್ಕೈದು ದಿನ ವಿಶ್ರಾಂತಿ ಪಡೆಯುತ್ತಾನೆ. ಅವನ ಜಾಗಕ್ಕೆ ಬರುವವರು ರಿಲೀಫ್ ಪಿಚರ್‌ಗಳು. ಒಮ್ಮೆ ಪಂದ್ಯದಿಂದ ಹೊರಗೆ ಹೋದ ಆಟಗಾರ ಆ ಪಂದ್ಯಕ್ಕೆ ಮರಳುವಂತಿಲ್ಲವಾದ್ದರಿಂದ ಯಾರನ್ನು ಯಾವಾಗ ಇಳಿಸಬೇಕೆಂಬುದು ವ್ಯವಸ್ಥಾಪಕನ ದೊಡ್ಡ ಲೆಕ್ಕಾಚಾರ. ಈ ಗುಂಪಿನಲ್ಲಿ ಕಟ್ಟಕಡೆಗೆ, ಸಾಮಾನ್ಯವಾಗಿ ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ, ಅಲ್ಪ ಮುನ್ನಡೆಯನ್ನು ಕಾಯ್ದುಕೊಳ್ಳಲು ಬರುವವನು ಕ್ಲೋಸರ್. ಟಿ20 ಕ್ರಿಕೆಟ್‌ನಲ್ಲಿ ಕೊನೆಯ ಓವರ್‌ಗಾಗಿ ಮೀಸಲಿಟ್ಟ ಬೌಲರ್‌ನನ್ನು ನೆನೆದರೆ ಆ ಒತ್ತಡದ ಅಂದಾಜು ಸಿಗಬಹುದು. ಆದರೆ ಆ ಬೌಲರ್ ಅದಕ್ಕೂ ಮೊದಲು ಮೂರು ಓವರ್ ಹಾಕಿರುತ್ತಾನೆ, ಫೀಲ್ಡಿಂಗ್ ಮಾಡಿರುತ್ತಾನೆ, ಬ್ಯಾಟಿಂಗನ್ನೂ ಮಾಡಿರಬಹುದು. ಕ್ಲೋಸರ್‌ನ ಇಡೀ ದಿನದ ಕೆಲಸ ಹದಿನೈದು, ಇಪ್ಪತ್ತು ಚೆಂಡುಗಳಲ್ಲಿ ಮುಗಿಯುತ್ತದೆ.

ಈ ಹುದ್ದೆ ಆಟದ ಹುಟ್ಟಿನೊಂದಿಗೇ ಬಂದದ್ದಲ್ಲ. ಷಿಕಾಗೊದ ಕ್ರೀಡಾ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್ ಅವರು 1960ರ ಸುಮಾರಿಗೆ ರೂಪಿಸಿದ 'ಸೇವ್' ಎಂಬ ಲೆಕ್ಕವನ್ನು ಮೇಜರ್ ಲೀಗ್ 1969ರಲ್ಲಿ ಅಧಿಕೃತವಾಗಿ ಅಂಗೀಕರಿಸಿತು. ಇಂದಿನ ನಿಯಮದ ಪ್ರಕಾರ, ತನ್ನ ತಂಡ ಮೂರು ಅಥವಾ ಅದಕ್ಕಿಂತ ಕಡಿಮೆ ಓಟಗಳಿಂದ ಮುಂದಿರುವಾಗ ಬಂದು, ಕನಿಷ್ಠ ಒಂದು ಇನ್ನಿಂಗ್ಸ್ ಎಸೆದು, ಮುನ್ನಡೆಯನ್ನು ಕಳೆದುಕೊಳ್ಳದೆ ಪಂದ್ಯ ಮುಗಿಸಿದ ಪಿಚರ್‌ಗೆ ಒಂದು ಸೇವ್ ಸಲ್ಲುತ್ತದೆ. ಸಮಬಲದ ಓಟ ತೀರ ಹತ್ತಿರದಲ್ಲಿರುವ ಸಂದರ್ಭಗಳಿಗೂ ಮೂರು ಇನ್ನಿಂಗ್ಸ್ ಎಸೆದವರಿಗೂ ಬೇರೆ ಉಪನಿಯಮಗಳಿವೆ. 1980ರ ದಶಕದ ಕೊನೆಯಲ್ಲಿ ಓಕ್‌ಲ್ಯಾಂಡ್ ತಂಡದ ವ್ಯವಸ್ಥಾಪಕ ಟೋನಿ ಲಾ ರುಸ್ಸಾ ಅವರು ಡೆನಿಸ್ ಎಕರ್ಸ್‌ಲಿ ಅವರನ್ನು ಬಹುಮಟ್ಟಿಗೆ ಒಂಬತ್ತನೆಯ ಇನ್ನಿಂಗ್ಸ್‌ಗೇ ಮೀಸಲಿಟ್ಟು ಯಶಸ್ಸು ಕಂಡ ಮೇಲೆ, ಒಂದು ಇನ್ನಿಂಗ್ಸ್‌ನ ಕ್ಲೋಸರ್ ಎಂಬುದು ಎಲ್ಲ ತಂಡಗಳ ರೂಢಿಯಾಯಿತು. ನ್ಯೂಯಾರ್ಕ್ ಯಾಂಕೀಸ್‌ನ ಮರಿಯಾನೊ ರಿವೆರಾ ಅವರ 652 ಸೇವ್‌ಗಳು ಈ ಪಟ್ಟಿಯ ತುದಿಯಲ್ಲಿವೆ. ಒಂದು ಓಟದ ಮುನ್ನಡೆಯನ್ನೂ ಮೂರು ಓಟದ ಮುನ್ನಡೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಲೆಕ್ಕ ಒರಟಾದದ್ದು ಎಂಬ ಆಕ್ಷೇಪ ಹಳೆಯದು ಮತ್ತು ನ್ಯಾಯವಾದದ್ದು. ಆದರೂ ಕ್ಲೋಸರ್‌ಗಳ ಸಂಬಳ ಬಹುಕಾಲ ಇದನ್ನೇ ಆಧರಿಸಿತ್ತು.

ಚಾಪ್‌ಮನ್ ಹುಟ್ಟಿದ್ದು 1988ರ ಫೆಬ್ರುವರಿ 28ರಂದು, ಕ್ಯೂಬಾದ ಪೂರ್ವ ಭಾಗದ ಓಲ್ಗಿನ್ ಪ್ರಾಂತ್ಯದಲ್ಲಿ. ಎತ್ತರದ ಈ ಎಡಗೈ ಹುಡುಗ ಮೊದಲು ಆಡುತ್ತಿದ್ದದ್ದು ಮೊದಲ ಬೇಸ್‌ನಲ್ಲಿ. ಅವರು ಪಿಚರ್ ಆದದ್ದು ಹದಿಹರೆಯದಲ್ಲಿ. 2008ರಲ್ಲಿ ದೇಶ ಬಿಟ್ಟು ಹೋಗಲು ಯತ್ನಿಸಿ ಸಿಕ್ಕಿಬಿದ್ದ ಕಾರಣ ಬೀಜಿಂಗ್ ಒಲಿಂಪಿಕ್ಸ್ ತಂಡದ ಅವಕಾಶ ಅವರ ಕೈ ತಪ್ಪಿತು. ಮರುವರ್ಷ ಅವರನ್ನು ಮತ್ತೆ ರಾಷ್ಟ್ರೀಯ ತಂಡಕ್ಕೆ ಸೇರಿಸಿಕೊಳ್ಳಲಾಯಿತು. 2009ರ ಜುಲೈ 1ರಂದು, ಪಂದ್ಯಾವಳಿಗಾಗಿ ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್‌ಗೆ ಬಂದಿದ್ದ ಅವರು ತಂಡ ತಂಗಿದ್ದ ಹೋಟೆಲಿನಿಂದ ಹೊರನಡೆದು ಪರಿಚಿತರೊಬ್ಬರ ಕಾರು ಹತ್ತಿದರು. ಆ ಬಳಿಕ ಅವರು ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪುಟ್ಟ ದೇಶ ಅಂಡೋರಾದಲ್ಲಿ ವಾಸಸ್ಥಾನ ಪಡೆದದ್ದರ ಹಿಂದೆ ಶುದ್ಧ ವ್ಯಾವಹಾರಿಕ ಲೆಕ್ಕವಿತ್ತು. ಕ್ಯೂಬಾದಿಂದ ನೇರವಾಗಿ ಅಮೆರಿಕದಲ್ಲಿ ನೆಲೆಸಿದ್ದರೆ ಅವರು ಹವ್ಯಾಸಿ ಆಟಗಾರರ ವಾರ್ಷಿಕ ಹಂಚಿಕೆಗೆ ಒಳಪಟ್ಟು, ತಮ್ಮನ್ನು ಆರಿಸಿದ ಒಂದೇ ತಂಡದೊಡನೆ ಮಾತಾಡಬೇಕಾಗುತ್ತಿತ್ತು; ಮೂರನೆಯ ದೇಶದ ನಿವಾಸಿಯಾದರೆ ಯಾವ ತಂಡದೊಡನೆ ಬೇಕಾದರೂ ಚೌಕಾಸಿ ಮಾಡಬಹುದಿತ್ತು. 2010ರ ಜನವರಿಯಲ್ಲಿ ಸಿನ್ಸಿನಾಟಿ ರೆಡ್ಸ್ ಅವರೊಂದಿಗೆ ಆರು ವರ್ಷಗಳಿಗೆ 30.25 ಮಿಲಿಯನ್ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು.

ಇಷ್ಟು ಹಣ ತೆತ್ತ ತಂಡ ಬಯಸಿದ್ದು ಪಂದ್ಯ ಆರಂಭಿಸುವ ಪಿಚರ್‌ನನ್ನು. ವರ್ಷಕ್ಕೆ ಇನ್ನೂರರ ಸಮೀಪ ಇನ್ನಿಂಗ್ಸ್ ಎಸೆಯುವವನಿಗೂ ಎಪ್ಪತ್ತು ಇನ್ನಿಂಗ್ಸ್ ಎಸೆಯುವವನಿಗೂ ಬೆಲೆಯಲ್ಲಿ ವ್ಯತ್ಯಾಸ ಇರುವುದು ಸಹಜ. 2012ರ ವಸಂತದ ಅಭ್ಯಾಸ ಶಿಬಿರದಲ್ಲಿ ಚಾಪ್‌ಮನ್ ಅವರನ್ನು ಆರಂಭಿಕ ಪಿಚರ್ ಆಗಿಯೇ ಸಿದ್ಧಗೊಳಿಸಲಾಗುತ್ತಿತ್ತು. ಅಷ್ಟರಲ್ಲಿ ತಂಡ ಹೊಸದಾಗಿ ಕರೆತಂದಿದ್ದ ಕ್ಲೋಸರ್ ರಯನ್ ಮ್ಯಾಡ್ಸನ್ ಅವರ ಮೊಣಕೈ ಅಸ್ಥಿಬಂಧ ಹರಿಯಿತು. ಖಾಲಿಯಾದ ಜಾಗ ಚಾಪ್‌ಮನ್ ಅವರ ಪಾಲಿಗೆ ಬಂತು. ಆ ವರ್ಷ ಅವರು 71.2 ಇನ್ನಿಂಗ್ಸ್‌ಗಳಲ್ಲಿ, ಎಂದರೆ ಎಪ್ಪತ್ತೊಂದು ಪೂರ್ಣ ಇನ್ನಿಂಗ್ಸ್ ಮತ್ತು ಎರಡು ಔಟ್‌ಗಳಲ್ಲಿ, 122 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿ, 38 ಸೇವ್ ಗಳಿಸಿ, ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 1.51 ಓಟಗಳನ್ನಷ್ಟೇ ಬಿಟ್ಟುಕೊಟ್ಟರು. ಇಷ್ಟು ಚೆನ್ನಾಗಿ ನಡೆಯುತ್ತಿರುವ ಏರ್ಪಾಡನ್ನು ಕೆಡಿಸುವ ಧೈರ್ಯ ಯಾರಿಗೂ ಬರಲಿಲ್ಲ. ಮೇಜರ್ ಲೀಗ್‌ನಲ್ಲಿ ಅವರು ಒಂದು ಪಂದ್ಯವನ್ನೂ ಆರಂಭಿಸಿಲ್ಲ.

ರಿಲೀಫ್ ಪಿಚರ್ ಆರಂಭಿಕ ಪಿಚರ್‌ಗಿಂತ ಹೆಚ್ಚು ವೇಗವಾಗಿ ಎಸೆಯಬಲ್ಲನೇಕೆ ಎಂಬುದಕ್ಕೆ ಉತ್ತರ ಸರಳ: ಅವನು ಏನನ್ನೂ ಉಳಿಸಿಕೊಳ್ಳಬೇಕಾಗಿಲ್ಲ. ನೂರು ಚೆಂಡುಗಳಿಗೆ ಹಂಚಬೇಕಾದ ಶಕ್ತಿಯನ್ನು ಹದಿನೈದು ಚೆಂಡುಗಳಿಗೆ ಸುರಿಯಬಹುದು. ಒಬ್ಬ ಬ್ಯಾಟರ್ ಅವನನ್ನು ಪಂದ್ಯದಲ್ಲಿ ಒಮ್ಮೆ ಮಾತ್ರ ಎದುರಿಸುವುದರಿಂದ ನಾಲ್ಕೈದು ಬಗೆಯ ಎಸೆತಗಳೂ ಬೇಕಾಗುವುದಿಲ್ಲ, ಎರಡು ಸಾಕು. ಚಾಪ್‌ಮನ್ ಅವರಲ್ಲಿ ಇದ್ದದ್ದು ಫಾಸ್ಟ್‌ಬಾಲ್ ಮತ್ತು ಅದಕ್ಕಿಂತ ಗಂಟೆಗೆ ಹತ್ತಕ್ಕೂ ಹೆಚ್ಚು ಮೈಲಿ ನಿಧಾನವಾಗಿ ಬಂದು ಕೊನೆಯಲ್ಲಿ ಪಕ್ಕಕ್ಕೂ ಕೆಳಕ್ಕೂ ತಿರುಗುವ ಸ್ಲೈಡರ್. ಪಿಚರ್ ನಿಲ್ಲುವ ದಿಬ್ಬದಿಂದ ಪ್ಲೇಟ್‌ಗೆ 60 ಅಡಿ 6 ಇಂಚು ದೂರ. ಎಸೆಯುವಾಗ ದೇಹ ಮುಂದಕ್ಕೆ ಚಾಚುವುದರಿಂದ ಚೆಂಡು ಕೈಬಿಡುವುದು ಇನ್ನೂ ಐದಾರು ಅಡಿ ಮುಂದೆ. ಗಂಟೆಗೆ 100 ಮೈಲಿಯ ಚೆಂಡು ಉಳಿದ ದೂರವನ್ನು ದಾಟಲು ತೆಗೆದುಕೊಳ್ಳುವುದು 0.4 ಸೆಕೆಂಡ್‌ನಷ್ಟು ಸಮಯ. ಬ್ಯಾಟ್ ಬೀಸುವ ಕ್ರಿಯೆಗೇ ಅದರಲ್ಲಿ ಗಣನೀಯ ಪಾಲು ಬೇಕು. ಹಾಗಾಗಿ ಬ್ಯಾಟರ್ ಚೆಂಡು ಅರ್ಧ ದಾರಿಯಲ್ಲಿರುವಾಗಲೇ ನಿರ್ಧಾರ ಮಾಡಿರಬೇಕು. ನಿಧಾನದ ಸ್ಲೈಡರ್ ಮಾರಕವಾಗುವುದು ಈ ಕಾರಣಕ್ಕೆ: ವೇಗಕ್ಕೆಂದು ಬೇಗ ಬೀಸಿದ ಬ್ಯಾಟ್ ಚೆಂಡು ಬರುವ ಮೊದಲೇ ಹಾದುಹೋಗಿರುತ್ತದೆ.

ವೇಗವನ್ನು ಅಳೆಯುವ ಬಗೆಯೂ ಇಲ್ಲಿ ಮುಖ್ಯ. 2010ರಲ್ಲಿದ್ದ ಪಿಚ್ ಎಫ್ ಎಕ್ಸ್ ಎಂಬ ಕ್ಯಾಮೆರಾ ವ್ಯವಸ್ಥೆ ಚೆಂಡಿನ ವೇಗವನ್ನು ಪ್ಲೇಟ್‌ಗೆ ಐವತ್ತು ಅಡಿ ದೂರದಲ್ಲಿ ಲೆಕ್ಕ ಹಾಕುತ್ತಿತ್ತು. ಆ ಬಳಿಕ ಬಂದ ಸ್ಟ್ಯಾಟ್‌ಕಾಸ್ಟ್ ಕೈಬಿಟ್ಟ ಕ್ಷಣದ ವೇಗವನ್ನು ಹಿಡಿಯುತ್ತದೆ. ಗಾಳಿಯ ತಡೆಯಿಂದ ಚೆಂಡು ಪ್ರತಿ ಅಡಿಗೂ ಸ್ವಲ್ಪ ವೇಗ ಕಳೆದುಕೊಳ್ಳುವುದರಿಂದ, ಹಳೆಯ 105.1 ಮೈಲಿಯನ್ನು ಹೊಸ ಮಾನಕ್ಕೆ ಹೊಂದಿಸಿ ಈಗ 105.8 ಎಂದು, ಎಂದರೆ ಗಂಟೆಗೆ ಸುಮಾರು 170.3 ಕಿಲೋಮೀಟರ್ ಎಂದು, ನಮೂದಿಸಲಾಗುತ್ತದೆ. 1974ರಲ್ಲಿ ನೋಲನ್ ರಯನ್ ಅವರ ಚೆಂಡನ್ನು ರೇಡಾರ್ ಅಳೆದಾಗ ಬಂದ 100.9 ಮೈಲಿಯು ಬ್ಯಾಟರ್‌ನ ಸಮೀಪದ ಲೆಕ್ಕವಾದ್ದರಿಂದ, ಬೇರೆ ಬೇರೆ ಕಾಲದ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾರು ಹೆಚ್ಚು ಎಂದು ತೀರ್ಪು ಕೊಡುವುದು ಅಪಾಯಕರ. ಕ್ರಿಕೆಟ್ ನೋಡುವವರಿಗೆ 2003ರ ವಿಶ್ವಕಪ್‌ನಲ್ಲಿ ಶೋಯಬ್ ಅಖ್ತರ್ ಎಸೆದ 161.3 ಕಿಲೋಮೀಟರ್‌ನ ಚೆಂಡು ನೆನಪಾಗುವುದು ಸಹಜ. ಅಲ್ಲಿ ಓಡಿಬರುವ ಅನುಕೂಲವಿದೆ, ಆದರೆ ಮೊಣಕೈಯನ್ನು ನೇರವಾಗಿಸಿ ಎಸೆಯುವಂತಿಲ್ಲ. ಇಲ್ಲಿ ಓಟವಿಲ್ಲ, ಮೊಣಕೈಗೆ ಯಾವ ಕಟ್ಟುಪಾಡೂ ಇಲ್ಲ.

ಆ ಸ್ವಾತಂತ್ರ್ಯಕ್ಕೆ ಬೆಲೆಯೂ ಇದೆ. ಪ್ರತಿ ವೇಗದ ಎಸೆತದಲ್ಲೂ ಮೊಣಕೈಯ ಒಳಬದಿಯ ಅಸ್ಥಿಬಂಧದ ಮೇಲೆ ಅದರ ಸಹನಶಕ್ತಿಯ ಅಂಚಿನ ಒತ್ತಡ ಬೀಳುತ್ತದೆ. ಅದು ಹರಿದಾಗ ದೇಹದ ಬೇರೆಡೆಯಿಂದ ಸ್ನಾಯುರಜ್ಜು ತೆಗೆದು ಕಸಿ ಮಾಡುವ ಶಸ್ತ್ರಚಿಕಿತ್ಸೆಯನ್ನು ವೈದ್ಯ ಫ್ರಾಂಕ್ ಜೋಬ್ ಅವರು 1974ರಲ್ಲಿ ಟಾಮಿ ಜಾನ್ ಎಂಬ ಪಿಚರ್‌ಗೆ ಮೊದಲ ಬಾರಿ ಮಾಡಿದರು; ಇಂದು ಅದು ಆ ಪಿಚರ್‌ನ ಹೆಸರಿನಿಂದಲೇ ಪ್ರಸಿದ್ಧ. ಈ ಪೀಳಿಗೆಯ ವೇಗದ ಪಿಚರ್‌ಗಳಲ್ಲಿ ಅದಕ್ಕೆ ಒಳಗಾದವರ ಸಂಖ್ಯೆ ದೊಡ್ಡದು. ಭುಜದ ನೋವು, ಮಂಡಿನೋವುಗಳಿಂದ ಹೊರಗುಳಿದದ್ದುಂಟಾದರೂ, ಚಾಪ್‌ಮನ್ ಆ ಶಸ್ತ್ರಚಿಕಿತ್ಸೆ ಇಲ್ಲದೆಯೇ ಮೂವತ್ತೇಳರ ವಯಸ್ಸಿನವರೆಗೂ ಎಸೆದಿದ್ದಾರೆ. ಅವರ ದಾಖಲೆಗಳಲ್ಲಿ ನನಗೆ ಎಲ್ಲಕ್ಕಿಂತ ಅಚ್ಚರಿ ತರುವುದು ಇದು.

ಅವರಿಗೆ ಆದ ಅತಿ ದೊಡ್ಡ ಗಾಯ ಬೇರೆ ದಿಕ್ಕಿನಿಂದ ಬಂತು. 2014ರ ಮಾರ್ಚ್ 19ರಂದು ಅರಿಜೋನಾದ ಸರ್‌ಪ್ರೈಸ್ ಎಂಬ ಊರಿನಲ್ಲಿ ನಡೆದ ಅಭ್ಯಾಸ ಪಂದ್ಯದಲ್ಲಿ ಸಾಲ್ವಡೋರ್ ಪೆರೆಸ್ ಹೊಡೆದ ಚೆಂಡು ನೇರವಾಗಿ ಅವರ ಮುಖಕ್ಕೆ ಬಡಿಯಿತು. ಎಡಗಣ್ಣಿನ ಮೇಲ್ಭಾಗದ ಮೂಳೆ ಮುರಿದು ಲೋಹದ ಫಲಕ ಕೂರಿಸಬೇಕಾಯಿತು. ಮೇ ತಿಂಗಳಲ್ಲಿ ಮರಳಿದ ಅವರು ಆ ಋತುವಿನ 54 ಇನ್ನಿಂಗ್ಸ್‌ಗಳಲ್ಲಿ 106 ಸ್ಟ್ರೈಕ್‌ಔಟ್ ಮಾಡಿದರು. ಇನ್ನಿಂಗ್ಸ್ ಒಂದಕ್ಕೆ ಮೂರು ಔಟ್‌ಗಳಂತೆ ಸಿಗುವ 162 ಔಟ್‌ಗಳಲ್ಲಿ ಮೂರನೇ ಎರಡು ಭಾಗದಷ್ಟು ಔಟ್‌ಗಳಿಗೆ ಫೀಲ್ಡರ್‌ಗಳ ಅಗತ್ಯವೇ ಬೀಳಲಿಲ್ಲ ಎಂದಾಯಿತು.

2015ರ ಅಕ್ಟೋಬರ್‌ನಲ್ಲಿ ಫ್ಲಾರಿಡಾದ ಅವರ ಮನೆಯಲ್ಲಿ ನಡೆದ ಘಟನೆಯೊಂದರಲ್ಲಿ ಅವರು ತಮ್ಮ ಸಂಗಾತಿಯ ಮೇಲೆ ಹಲ್ಲೆ ಮಾಡಿ, ಗ್ಯಾರೇಜಿನಲ್ಲಿ ಬಂದೂಕು ಹಾರಿಸಿದರೆಂಬ ಆರೋಪ ಡಿಸೆಂಬರ್‌ನಲ್ಲಿ ಬಹಿರಂಗವಾಯಿತು. ಸರ್ಕಾರಿ ವಕೀಲರು ಮೊಕದ್ದಮೆ ಹೂಡಲಿಲ್ಲ. ಹಲ್ಲೆಯ ಆರೋಪವನ್ನು ಚಾಪ್‌ಮನ್ ನಿರಾಕರಿಸಿದರು. ಆದರೆ ಕೌಟುಂಬಿಕ ಹಿಂಸೆಗೆ ಸಂಬಂಧಿಸಿದ ತನ್ನ ಹೊಸ ನೀತಿಯ ಅಡಿಯಲ್ಲಿ ಲೀಗ್ 2016ರ ಮಾರ್ಚ್‌ನಲ್ಲಿ ಅವರನ್ನು 30 ಪಂದ್ಯಗಳಿಗೆ ಅಮಾನತು ಮಾಡಿತು. ಆ ನೀತಿಯಡಿ ಶಿಕ್ಷೆಗೊಳಗಾದ ಮೊದಲ ಆಟಗಾರ ಅವರೇ. ಸುದ್ದಿ ಹೊರಬಿದ್ದಾಗ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಅವರನ್ನು ಕೊಳ್ಳುವ ಮಾತುಕತೆಯಿಂದ ಹಿಂದೆ ಸರಿಯಿತು. ಕೆಲವೇ ವಾರಗಳಲ್ಲಿ ಯಾಂಕೀಸ್ ಅವರನ್ನು ಪಡೆದುಕೊಂಡಿತು. ಒಂದು ಸಂಸ್ಥೆಗೆ ಕಳಂಕವಾಗಿ ಕಂಡದ್ದು ಇನ್ನೊಂದಕ್ಕೆ ರಿಯಾಯಿತಿ ದರವಾಗಿ ಕಂಡಿತೆಂಬುದನ್ನು ಅವರ ವೃತ್ತಿಯ ಯಾವ ವಿವರಣೆಯೂ ಬಿಟ್ಟು ಮುಂದೆ ಹೋಗಲಾಗದು.

2016ರ ಜುಲೈ 25ರಂದು ಯಾಂಕೀಸ್ ಅವರನ್ನು ಷಿಕಾಗೊ ಕಬ್ಸ್ ತಂಡಕ್ಕೆ ಕೊಟ್ಟು, ಬದಲಿಗೆ ಗ್ಲೇಬರ್ ಟೋರೆಸ್ ಸೇರಿ ನಾಲ್ವರನ್ನು ಪಡೆಯಿತು. ಟೋರೆಸ್ ಎರಡೇ ವರ್ಷಗಳಲ್ಲಿ ಆಲ್‌ಸ್ಟಾರ್ ಆಟಗಾರರಾದರು, ಎಂದರೆ ವರ್ಷದ ಶ್ರೇಷ್ಠ ಆಟಗಾರರ ಪಂದ್ಯಕ್ಕೆ ಆಯ್ಕೆಯಾದರು. ಚಾಪ್‌ಮನ್ ಕಬ್ಸ್‌ಗಾಗಿ ಲೀಗ್ ಹಂತದಲ್ಲಿ ಎಸೆದದ್ದು ಇಪ್ಪತ್ತೇಳಕ್ಕೂ ಕಡಿಮೆ ಇನ್ನಿಂಗ್ಸ್. ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ದೊಡ್ಡ ಬೆಲೆಯೇಕೆ ಎಂಬ ಪ್ರಶ್ನೆಗೆ ಉತ್ತರ ಆ ವರ್ಷದ ಅಕ್ಟೋಬರ್‌ನಲ್ಲಿದೆ. ಮೇಜರ್ ಲೀಗ್ ಪ್ರಶಸ್ತಿಯನ್ನು ನಿರ್ಧರಿಸುವ, ನಾಲ್ಕು ಪಂದ್ಯ ಮೊದಲು ಗೆದ್ದವರದಾಗುವ ವಿಶ್ವ ಸರಣಿಯನ್ನು 1908ರಿಂದ ಗೆಲ್ಲದ ಕಬ್ಸ್ ಕ್ಲೀವ್‌ಲೆಂಡ್ ಎದುರು 1–3ರ ಹಿನ್ನಡೆಯಲ್ಲಿತ್ತು. ಐದನೆಯ ಪಂದ್ಯದಲ್ಲಿ ವ್ಯವಸ್ಥಾಪಕ ಜೋ ಮ್ಯಾಡನ್ ಅವರು ಚಾಪ್‌ಮನ್ ಅವರನ್ನು ಏಳನೆಯ ಇನ್ನಿಂಗ್ಸ್‌ನಲ್ಲೇ ಇಳಿಸಿದರು. ಅವರು 42 ಚೆಂಡು ಎಸೆದು ಎಂಟು ಔಟ್ ಗಳಿಸಿ ಒಂದು ಓಟದ ಗೆಲುವನ್ನು ಉಳಿಸಿದರು. ಆರನೆಯ ಪಂದ್ಯದಲ್ಲಿ ತಂಡ 7–2ರಿಂದ ಮುಂದಿದ್ದಾಗಲೂ ಅವರನ್ನೇ ಕರೆಯಲಾಯಿತು; ಇನ್ನೂ 20 ಚೆಂಡುಗಳಾದವು. ಆ ಕರೆ ಅನಗತ್ಯವಾಗಿತ್ತೆಂದು ಆಗಲೇ ಹಲವರು ಹೇಳಿದರು, ಮರುದಿನ ಅವರ ಮಾತು ನಿಜವಾಯಿತು.

ನವೆಂಬರ್ 2ರ ಏಳನೆಯ ಪಂದ್ಯದ ಎಂಟನೆಯ ಇನ್ನಿಂಗ್ಸ್‌ನಲ್ಲಿ ಎರಡು ಔಟ್ ಆಗಿ, ಒಬ್ಬ ಓಟಗಾರ ಬೇಸ್‌ನಲ್ಲಿದ್ದು, ಕಬ್ಸ್ 6–3ರಿಂದ ಮುಂದಿದ್ದಾಗ ಚಾಪ್‌ಮನ್ ಬಂದರು. ಬ್ರ್ಯಾಂಡನ್ ಗಯರ್ ಅವರ ಹೊಡೆತದಿಂದ ಒಂದು ಓಟ ಬಂತು. ನಂತರ ಬಂದ ರಜಾಯ್ ಡೇವಿಸ್ ಬ್ಯಾಟಿನ ಹಿಡಿಯನ್ನು ಸಾಕಷ್ಟು ಮೇಲೆ ಹಿಡಿದಿದ್ದರು. ವೇಗದ ಚೆಂಡಿಗೆ ಬ್ಯಾಟನ್ನು ಬೇಗ ತರಲು ಬಲವನ್ನು ಬಿಟ್ಟುಕೊಡುವ ಹಳೆಯ ಉಪಾಯವದು. ಚಾಪ್‌ಮನ್ ಅವರ ಫಾಸ್ಟ್‌ಬಾಲ್ ಅಂದು 100 ಮೈಲಿಯ ಕೆಳಗೆ ಇಳಿದಿತ್ತು. ಕೆಳಮಟ್ಟದಲ್ಲಿ ಬಂದ ಚೆಂಡನ್ನು ಡೇವಿಸ್ ಎಡಬದಿಯ ಬೇಲಿಯಾಚೆ ಅಟ್ಟಿದರು, ಬೇಸ್‌ನಲ್ಲಿದ್ದ ಗಯರ್ ಸೇರಿ ಎರಡು ಓಟ ಬಂದು ಸ್ಕೋರು 6–6. ಸಾಮಾನ್ಯವಾಗಿ ಮರೆತುಹೋಗುವ ಭಾಗ ಇದರ ಮುಂದಿನದು. ಒಂಬತ್ತನೆಯ ಇನ್ನಿಂಗ್ಸ್‌ಗೂ ಚಾಪ್‌ಮನ್ ಅವರೇ ಬಂದು, ವೇಗ ಕೈಕೊಟ್ಟಿದ್ದರಿಂದ ಸ್ಲೈಡರ್ ಅನ್ನೇ ಹೆಚ್ಚಾಗಿ ನೆಚ್ಚಿ, ಮೂವರು ಬ್ಯಾಟರ್‌ಗಳನ್ನೂ ಸಾಲಾಗಿ ಔಟ್ ಮಾಡಿದರು. ಬಳಿಕ ಮಳೆಯಿಂದ ಹದಿನೇಳು ನಿಮಿಷ ಆಟ ನಿಂತಿತು; ಹತ್ತನೆಯ ಇನ್ನಿಂಗ್ಸ್‌ನಲ್ಲಿ ಕಬ್ಸ್ 8–7ರಿಂದ ಗೆದ್ದಿತು. ದಾಖಲೆಯ ನಿಯಮದ ಪ್ರಕಾರ ವಿಜೇತ ಪಿಚರ್ ಚಾಪ್‌ಮನ್! ನಾಲ್ಕು ದಿನಗಳಲ್ಲಿ ಅವರು ಎಸೆದದ್ದು 97 ಚೆಂಡು, ಆರಂಭಿಕ ಪಿಚರ್ ಒಬ್ಬನ ಇಡೀ ಪಂದ್ಯದ ಹೊರೆ.

ಅದೇ ಡಿಸೆಂಬರ್‌ನಲ್ಲಿ ಅವರು ಐದು ವರ್ಷಗಳಿಗೆ 86 ಮಿಲಿಯನ್ ಡಾಲರ್‌ಗಳಿಗೆ ಯಾಂಕೀಸ್‌ಗೆ ಮರಳಿದರು. ರಿಲೀಫ್ ಪಿಚರ್ ಒಬ್ಬರಿಗೆ ಅದು ಆ ದಿನಕ್ಕೆ ದಾಖಲೆಯ ಮೊತ್ತ. ಅಲ್ಲಿ ಅವರು ಸಾಕಷ್ಟು ಪಂದ್ಯಗಳನ್ನು ಉಳಿಸಿದರೂ ಅಭಿಮಾನಿಗಳ ನೆನಪಿನಲ್ಲಿರುವುದು ಎರಡು ಚೆಂಡು. 2019ರ ಅಕ್ಟೋಬರ್ 19ರಂದು ಹ್ಯೂಸ್ಟನ್‌ನಲ್ಲಿ ಸ್ಕೋರು 4–4 ಇದ್ದಾಗ, ಹೋಸೆ ಆಲ್ಟುವೆ ಚಾಪ್‌ಮನ್ ಅವರ ಸ್ಲೈಡರ್ ಒಂದನ್ನು ಬೇಲಿ ದಾಟಿಸಿ ಸರಣಿಯನ್ನೇ ಮುಗಿಸಿದರು. ಮರುವರ್ಷ ಮೈಕ್ ಬ್ರಾಸೊ ಹತ್ತು ಚೆಂಡುಗಳವರೆಗೆ ಹೋರಾಡಿ, ಹತ್ತನೆಯದಾಗಿ ಬಂದ 100 ಮೈಲಿಯ ಫಾಸ್ಟ್‌ಬಾಲ್ ಅನ್ನು ಹೋಮ್ ರನ್, ಎಂದರೆ ಬೇಲಿ ದಾಟುವ ಹೊಡೆತ, ಆಗಿಸಿದರು. ಯಾಂಕೀಸ್ ಮತ್ತೆ ಹೊರಬಿತ್ತು. ಸಾಂಕ್ರಾಮಿಕದ ಕಾರಣ ಆ ಪಂದ್ಯ ನಡೆದದ್ದು ತಟಸ್ಥ ಮೈದಾನದಲ್ಲಿ, ಅದೇ ಪೆಟ್‌ಕೊ ಪಾರ್ಕ್‌ನಲ್ಲಿ. ಒಮ್ಮೆ ಸ್ಲೈಡರ್‌ನಿಂದ, ಒಮ್ಮೆ ಫಾಸ್ಟ್‌ಬಾಲ್‌ನಿಂದ ಸೋತಾಗ ತಪ್ಪು ಎಸೆತದ ಆಯ್ಕೆಯಲ್ಲಿತ್ತು ಎನ್ನಲಾಗದು. ಕ್ಲೋಸರ್‌ನ ಕೆಲಸದ ರೀತಿಯೇ ಹಾಗೆ: ಆರಂಭಿಕ ಪಿಚರ್ ಮೊದಲ ಇನ್ನಿಂಗ್ಸ್‌ನಲ್ಲಿ ಬಿಟ್ಟ ಹೋಮ್ ರನ್ ಅನ್ನು ತಂಡ ತೀರಿಸಿಕೊಳ್ಳಲು ಎಂಟು ಇನ್ನಿಂಗ್ಸ್ ಇರುತ್ತವೆ, ಇವನ ತಪ್ಪಿಗೆ ಪರಿಹಾರ ಹುಡುಕಲು ಸಮಯವೇ ಉಳಿದಿರುವುದಿಲ್ಲ.

ನಿಜವಾದ ಕುಸಿತ ಬಂದದ್ದು ನಂತರ. ಕೈ ತಪ್ಪಿದ ಚೆಂಡುಗಳಿಂದ ವಾಕ್‌ಗಳು ಹೆಚ್ಚಿದವು, ಸರಾಸರಿ ವೇಗವೂ ಇಳಿಯಿತು. 2022ರಲ್ಲಿ ಅವರು ಎಸೆದದ್ದು 36.1 ಇನ್ನಿಂಗ್ಸ್, ಸರಾಸರಿ 4.46 ಓಟ. ಕ್ಲೋಸರ್ ಸ್ಥಾನ ಹೋಯಿತು. ಕಡ್ಡಾಯದ ಅಭ್ಯಾಸಕ್ಕೆ ಗೈರಾದ ಮೇಲೆ ಅವರನ್ನು ಅಂತಿಮ ಹಂತದ ತಂಡದಿಂದಲೂ ಕೈಬಿಡಲಾಯಿತು. ಮೂವತ್ತನಾಲ್ಕರ ವೇಗದ ಪಿಚರ್‌ನ ವೃತ್ತಿ ಮುಗಿಯಿತೆಂದು ಭಾವಿಸಲು ಇಷ್ಟು ಸಾಕಿತ್ತು. ಮರುವರ್ಷ ಕ್ಯಾನ್ಸಸ್ ಸಿಟಿ ರಾಯಲ್ಸ್ ಕೊಟ್ಟದ್ದು ಒಂದೇ ವರ್ಷಕ್ಕೆ 3.75 ಮಿಲಿಯನ್ ಡಾಲರ್. ಅಲ್ಲಿ ವೇಗ ಮರಳಿತು, ಜೂನ್ ಕೊನೆಯಲ್ಲಿ ಟೆಕ್ಸಸ್ ರೇಂಜರ್ಸ್ ಅವರನ್ನು ಪಡೆದು, ಕೋಲ್ ರೇಗನ್ಸ್ ಎಂಬ ಯುವ ಪಿಚರ್‌ನನ್ನು ಬಿಟ್ಟುಕೊಟ್ಟಿತು. ರೇಂಜರ್ಸ್ ಆ ವರ್ಷ ತನ್ನ ಮೊದಲ ವಿಶ್ವ ಸರಣಿ ಗೆದ್ದಿತು. ರೇಗನ್ಸ್ 2024ರಲ್ಲಿ ಆಲ್‌ಸ್ಟಾರ್ ಆದರು. ಕೆಲವೇ ಡಜನ್ ಇನ್ನಿಂಗ್ಸ್‌ಗಳ ಚಾಪ್‌ಮನ್‌ಗಾಗಿ ತಂಡವೊಂದು ಮುಂದಿನ ತಾರೆಯನ್ನು ಕೊಟ್ಟು, ಅದೇ ವರ್ಷ ಪ್ರಶಸ್ತಿ ಗೆದ್ದದ್ದು ಇದು ಎರಡನೆಯ ಬಾರಿ.

2024ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್‌ಗಾಗಿ ಅವರು 61.2 ಇನ್ನಿಂಗ್ಸ್‌ಗಳಲ್ಲಿ 39 ವಾಕ್ ಕೊಟ್ಟರು, ಸರಾಸರಿ 3.79. 2025ರಲ್ಲಿ ಬೋಸ್ಟನ್ ರೆಡ್ ಸಾಕ್ಸ್‌ಗಾಗಿ 61.1 ಇನ್ನಿಂಗ್ಸ್‌ಗಳಲ್ಲಿ ಕೊಟ್ಟದ್ದು 15 ವಾಕ್, ಸರಾಸರಿ 1.17, ಸೇವ್‌ಗಳು 32. ಈ ಎರಡು ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಬೇಕು. ಇನ್ನಿಂಗ್ಸ್‌ಗಳು ಹೆಚ್ಚುಕಡಿಮೆ ಅಷ್ಟೇ, ಸ್ಟ್ರೈಕ್‌ಔಟ್‌ಗಳು 98ರಿಂದ 85ಕ್ಕೆ ಇಳಿದಿವೆ, ಬದಲಾದದ್ದು ಮುಖ್ಯವಾಗಿ ಪುಕ್ಕಟೆಯಾಗಿ ಬೇಸ್‌ಗೆ ಹೋದವರ ಸಂಖ್ಯೆ. ಫಾಸ್ಟ್‌ಬಾಲ್ ಜೊತೆಗೆ, ಬಹುತೇಕ ಅಷ್ಟೇ ವೇಗದಲ್ಲಿ ಬಂದು ಕೊನೆಯಲ್ಲಿ ಕೆಳಕ್ಕೆ ಜಾರುವ ಸಿಂಕರ್ ಅನ್ನೂ ಅವರು ಈ ಹೊತ್ತಿಗೆ ಕರಗತ ಮಾಡಿಕೊಂಡಿದ್ದರು. ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ವರ್ಷದ ಶ್ರೇಷ್ಠ ರಿಲೀಫ್ ಪಿಚರ್ ಪ್ರಶಸ್ತಿ, ರಿವೆರಾ ಅವರ ಹೆಸರಿನಲ್ಲಿರುವುದು, 2019ರ ನಂತರ ಮತ್ತೊಮ್ಮೆ ಅವರಿಗೆ ಬಂತು. ಅದಕ್ಕೂ ಮೊದಲೇ, ಆಗಸ್ಟ್‌ನಲ್ಲಿ, ರೆಡ್ ಸಾಕ್ಸ್ 2026ರ ಋತುವಿಗೂ ಅವರನ್ನು ಉಳಿಸಿಕೊಂಡಿತ್ತು.

ರಿಲೀಫ್ ಪಿಚರ್‌ಗಳನ್ನು ಆಟದ ಗೌರವ ಮಂದಿರಕ್ಕೆ ಸೇರಿಸುವ ವಿಷಯದಲ್ಲಿ ಮತ ಹಾಕುವ ಪತ್ರಕರ್ತರು ಜಿಪುಣರು. 422 ಸೇವ್‌ಗಳಿದ್ದ ಎಡಗೈ ಕ್ಲೋಸರ್ ಬಿಲಿ ವ್ಯಾಗ್ನರ್ ಆಯ್ಕೆಯಾದದ್ದು 2025ರಲ್ಲಿ, ಹತ್ತನೆಯ ಮತ್ತು ಕೊನೆಯ ಅವಕಾಶದಲ್ಲಿ. ಅವರು ಒಟ್ಟು 903 ಇನ್ನಿಂಗ್ಸ್‌ಗಳನ್ನಷ್ಟೇ ಎಸೆದಿದ್ದರೆಂಬುದೇ ಮುಖ್ಯ ತಕರಾರಾಗಿತ್ತು. ಎಡಗೈ ರಿಲೀಫ್ ಪಿಚರ್‌ಗಳಲ್ಲಿ ಅತಿ ಹೆಚ್ಚು ಸ್ಟ್ರೈಕ್‌ಔಟ್‌ಗಳ ವ್ಯಾಗ್ನರ್ ದಾಖಲೆಯನ್ನು ಚಾಪ್‌ಮನ್ 2024ರಲ್ಲೇ ದಾಟಿದ್ದಾರೆ. ಅವರ ಸರದಿ ಬಂದಾಗ ಆ ತಕರಾರಿನ ಜೊತೆಗೆ 2016ರ ಅಮಾನತೂ ಮತದಾರರ ಮುಂದಿರುತ್ತದೆ. ನಿವೃತ್ತಿಯ ಬಳಿಕ ಐದು ವರ್ಷ ಕಳೆಯುವವರೆಗೆ ಯಾರ ಹೆಸರನ್ನೂ ಮತಕ್ಕೆ ಇಡುವಂತಿಲ್ಲವೆಂಬ ನಿಯಮವಿರುವುದರಿಂದ, ಆ ಚರ್ಚೆಗೆ ಇನ್ನೂ ಬಹಳ ಕಾಲವಿದೆ.